ಪೈಲ್ವಾನನ ಎದೆಯುರಿ

ದಂಡ ಹೊಡೆಯುವಾಗ ಅದು ಮೊದಲ ಸಲ ಬಂತು. ಎರಡೂ ಕೈಗಳನ್ನು ಮಣ್ಣಿಗೂರಿ ಎದೆ ತಗ್ಗಿಸಿದ್ದೆ. ಹೊಟ್ಟೆಯೊಳಗಿಂದ ಏನೋ ಕುದ್ದು ಮೇಲೆದ್ದು ಗಂಟಲನ್ನು ಸುಟ್ಟಿತು. ಬಾಯಿ ತುಂಬ ಹುಳಿ. ಮೂಗಿನಲ್ಲೂ ಉರಿ. ಗರಡಿಯ ಕೆಮ್ಮಣ್ಣಿನ ಮೇಲೆಯೇ ಉಗುಳಿಬಿಟ್ಟೆ.

ಕುಸ್ತಿ ಕಲಿಸುವ ವಸ್ತಾದರು ಬೆನ್ನಿಗೆ ಒದ್ದರು.

"ಗರಡಿ ಮಣ್ಣಾಗ ಉಗಳತೀಯೇನಲೇ? ತಿಂದ ಖುರಾಕು ಅರಗವಲ್ದು ನಿನಗ. ಇನ್ನ ನೂರು ಹೊಡಿ."

ಹೊಡೆದೆ.

ಖುರಾಕು ಎಂದರೆ ಎರಡು ಸೇರು ಹಾಲು, ಅದರಲ್ಲಿ ತುಪ್ಪ, ಅರೆದ ಬಾದಾಮಿ. ಕುಡಿದ ಬೆನ್ನಿಗೇ ಸಾಮು. ಸಂಜೆಯೂ ಹೊಟ್ಟೆ ಬಿರಿಯ ಉಂಡು ಸಾಮು. ಬೈಲಹೊಂಗಲದಲ್ಲಿ ನನ್ನ ಜೊತೆಗಾರರಿಗೆ ಅದು ಮೈಗೆ ಹತ್ತುತ್ತಿತ್ತು. ನನಗೆ ಗಂಟಲಿಗೆ ಬರುತ್ತಿತ್ತು. ಮಲಗಿದರೆ ಎದೆಯಲ್ಲಿ ಕೆಂಡ. ನಿದ್ದೆಗೆಟ್ಟ ಮನುಷ್ಯನಿಗೆ ಕಂಡವರೆಲ್ಲ ವೈರಿಗಳೇ ಆಗುತ್ತಾರೆಂದು ಆ ಆರು ತಿಂಗಳಲ್ಲಿ ತಿಳಿಯಿತು. ಎತ್ತಿಗೆ ಹೊಡೆದೆ, ಪಕ್ಕದ ಮನೆಯವನ ಕುತ್ತಿಗೆ ಹಿಡಿದೆ.

ಆಮೇಲೆ ರಾಮದುರ್ಗದ ಕುಸ್ತಿ.

ಎದುರಾಳಿ ನನ್ನನ್ನು ಕೆಡವಿ ಹೊಟ್ಟೆಯ ಮೇಲೆ ಮೊಣಕಾಲೂರಿದ. ಹುಳಿ ನುಗ್ಗಿ ಬಂದು ಉಸಿರು ಕಟ್ಟಿತು. ಸತ್ತೇ ಹೋಗುತ್ತೇನೆ ಅನ್ನಿಸಿತು. ಅವನ ಕಿವಿ ನನ್ನ ಬಾಯಿಯ ಹತ್ತಿರವಿತ್ತು.

ಕಚ್ಚಿದೆ.

ಅವನು ಚೀರಿದ. ನನ್ನ ಬಾಯಿಯಲ್ಲಿ ಹುಳಿಯ ಜೊತೆ ಅವನ ರಕ್ತದ ಉಪ್ಪು. ಜನ ಅಖಾಡಕ್ಕೆ ನುಗ್ಗಿ ಕೋಲಿನಿಂದ, ಕಾಲಿನಿಂದ ಬಡಿದರು. ವಸ್ತಾದರು ಬಿಡಿಸಲು ಬರಲಿಲ್ಲ. ಮುಖ ತಿರುಗಿಸಿಕೊಂಡು ನಿಂತಿದ್ದರು.

ಯಾರದೋ ಚಕ್ಕಡಿಯಲ್ಲಿ ಮಲಗಿ ಊರಿಗೆ ಬಂದೆ. ಹೆಂಡತಿ ಗಂಗವ್ವ ರೊಟ್ಟಿ, ಕೆಂಪು ಖಾರ ಬಡಿಸಿದಳು. ಮೊದಲ ತುತ್ತಿಗೇ ಗಂಟಲು ಹೊತ್ತಿತು.

"ನನ್ನ ಸುಡಾಕ ಮಾಡೀಯೇನ ಇದನ್ನ?"

ನೀರು ತುಂಬಿದ ಹಿತ್ತಾಳೆ ತಂಬಿಗೆಯನ್ನು ಬೀಸಿ ಒಗೆದೆ.

ಅವಳ ಹಣೆ ಒಡೆಯಿತು.

ಗಂಗವ್ವ ಅಳಲಿಲ್ಲ. ಒಂದು ಕೈಯಿಂದ ಸೆರಗನ್ನು ಹಣೆಗೊತ್ತಿದಳು, ಇನ್ನೊಂದರಿಂದ ನನ್ನ ಮಣಿಕಟ್ಟು ಹಿಡಿದಳು. "ನಡೀರಿ." ಓಣಿಯ ಜನರೆಲ್ಲ ನೋಡುತ್ತಿದ್ದಂತೆ ದವಾಖಾನೆಗೆ ಎಳೆದುಕೊಂಡು ಹೋದಳು. ಅಷ್ಟು ದೊಡ್ಡ ಮೈಯವನು ಸುಮ್ಮನೆ ಹಿಂದೆ ನಡೆದೆ.

"ಮೊದಲ ನನ್ನ ಹಣಿ ಹೊಲೀರಿ, ಸಾಹೇಬ್ರ," ಎಂದಳು ಡಾಕ್ಟರಿಗೆ. "ಆಮ್ಯಾಲ ಇವರ ಹೊಟ್ಟಿ ನೋಡ್ರಿ. ಆರು ತಿಂಗಳಾತು, ಇವರು ನೆಟ್ಟಗ ಮಲಗಿಲ್ಲ."

ನಾಲ್ಕು ಹೊಲಿಗೆ. ಒಂದೊಂದನ್ನೂ ಎಣಿಸುತ್ತ ನಿಂತಿದ್ದೆ.

ಆಮೇಲೆ ಡಾಕ್ಟರು ನನ್ನ ಹೊಟ್ಟೆ ಒತ್ತಿ ನೋಡಿ, ಊಟ, ಸಾಮು ಎಲ್ಲವನ್ನೂ ಕೇಳಿದರು.

"ಹೊಟ್ಟ್ಯಾಗಿನ ಆ್ಯಸಿಡ್ ಗಂಟಲಿಗಿ ಏರತೈತಿ. ಹೊಟ್ಟಿ ತುಂಬಿಸ್ಕೊಂಡು ಬಗ್ಗಿದರ ಅದಾದ್ರೂ ಏನ ಮಾಡೀತು?"

"ಸಾಮು ಬಿಡಬೇಕೇನ್ರಿ?"

"ಬಿಡಬ್ಯಾಡ. ಬರಿ ಹೊಟ್ಟೀಲೆ ಮಾಡು. ಉಂಡ ಮ್ಯಾಲ ಬರೇ ಅಡ್ಡಾಡು. ತುಪ್ಪ, ಖಾರ ಕಡಿಮಿ ಮಾಡು. ಕುಡಿಯಾಕ ಮಿಕ್ಸ್ಚರ್ ಕೊಡತೇನಿ." ಗಂಗವ್ವನ ಹಣೆಯ ಕಡೆ ನೋಡಿ ಮುಂದುವರಿಸಿದರು: "ನಿನ್ನ ಕೈಗೆ ಮಾತ್ರ ನನ್ನ ಹಂತೇಕ ಔಷಧ ಇಲ್ಲ."

ಔಷಧ ಕುಡಿಯುವ ಪೈಲ್ವಾನ ಬೇಡವೆಂದು ವಸ್ತಾದರು ನನ್ನ ಪಾಲಿಗೆ ಗರಡಿಯ ಬಾಗಿಲು ಹಾಕಿದರು. ಈಗ ಹಿತ್ತಲಲ್ಲೇ ಸಾಮು. ನಸುಕಿನಲ್ಲಿ ಬರಿ ಹೊಟ್ಟೆಯಲ್ಲಿ ಕೂತೇಳುವ ಬೈಠಕ್, ಆಮೇಲೆ ಗದೆ. ದಂಡ ಸ್ವಲ್ಪವೇ, ನಿಧಾನವಾಗಿ. ಮಲಗಿದಾಗ ಹುಳಿ ಮೇಲೇರದಂತೆ ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಿದ್ದೇನೆ. ಮೈ ಇಳಿದಿದೆ, ತೋಳು ಉಳಿದಿದೆ, ನಿದ್ದೆ ಬರುತ್ತದೆ. ಉರಿ ಪೂರ್ತಿ ಹೋಗಿಲ್ಲ. ತುಂಬ ದಿನ ಎಲ್ಲ ತಪ್ಪನ್ನೂ ಅದರ ಮೇಲೆಯೇ ಹೊರಿಸುತ್ತಿದ್ದೆ. ಆದರೆ ಉರಿ ಇದ್ದದ್ದು ಗಂಟಲಲ್ಲಿ. ತಂಬಿಗೆ ಎತ್ತಿದ ಕೈ ನನ್ನದೇ.

ನಾನು ತೇಗಿದರೆ ಸಾಕು, ಗಂಗವ್ವ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎಷ್ಟೋ ತಿಂಗಳು ಹಾಗೆಯೇ ನಡೆಯಿತು.

ಮೊನ್ನೆ ಉಂಡು ಕುಳಿತಿದ್ದಾಗ ಹುಳಿ ಮೇಲೆ ಬಂತು. ಅವಳು ಜೋಳ ಹಸನು ಮಾಡುತ್ತಿದ್ದಳು.

"ಉರಿಯಾಕತ್ತೈತೇನ್ರಿ?"

"ಹೂಂ."

"ಹಂಗಾರ ಅಡ್ಡಾಡಿ ಬರ್ರಿ."

ಅವಳು ಕುಳಿತಲ್ಲಿಂದ ಏಳಲಿಲ್ಲ. ಮೊರದಲ್ಲಿದ್ದ ಜೋಳವನ್ನು ಕೇರುತ್ತಲೇ ಇದ್ದಳು. ನಾನು ಅವಳ ಪಕ್ಕದಿಂದಲೇ ಹಾದು, ಚಪ್ಪಲಿ ಮೆಟ್ಟಿ, ಹೊರಗೆ ನಡೆದೆ.