ಯಶೋದಮ್ಮನ ಮೂಗು

ಸುಂಕದಕಟ್ಟೆಯ ಆ ವಠಾರಕ್ಕೆಲ್ಲ ಸೇರಿ ಒಂದೇ ನಲ್ಲಿ, ಒಂದೇ ಸಂಪು. ಮೂಗೂ ಒಂದೇ ಅಂತ ಓನರ್ ದೇವೇಂದ್ರಪ್ಪ ತಮಾಷೆ ಮಾಡುತ್ತಿದ್ದರು. ಆ ಮೂಗು ಯಶೋದಮ್ಮನದು.

ಕಾವೇರಿ ನೀರು ದಿನ ಬಿಟ್ಟು ದಿನ, ಹಾಲಿನವನಿಗಿಂತ ಸ್ವಲ್ಪ ಮುಂಚೆ ಬರುತ್ತಿತ್ತು. ನಲ್ಲಿ ಮೊದಲು ಬುಸುಗುಟ್ಟಿ ಗಾಳಿ ಬಿಡುವುದು, ಆಮೇಲೆ ಕೆಂಪಗೆ ಒಂದಿಷ್ಟು ಸುರಿದು ತಿಳಿಯಾಗುವುದು. ಆಗ ಯಶೋದಮ್ಮ ಒಂದು ಚೊಂಬು ಹಿಡಿದು, ಮೂಸಿ, "ಹಿಡ್ಕೊಳ್ರೇ" ಅಂದರೆ ಕೊಡಗಳು ಮುಂದೆ ಬರುತ್ತಿದ್ದವು. ಎಲ್ಲರೂ ಕುಡಿಯುವ ನೀರು ಹಿಡಿದಾದ ಮೇಲೆ ಪೈಪು ಸಂಪಿಗೆ. "ಬೇಡ" ಅಂದರೆ ಅವತ್ತು ಸಂಪಿನ ಮುಚ್ಚಳ ತೆಗೆಯುವ ಹಾಗೇ ಇಲ್ಲ. ಮೋರಿ ಬೆರೆತ ನೀರು ಒಂದು ಸಲ ಸಂಪಿಗೆ ಇಳಿಯಿತೋ, ಅಷ್ಟನ್ನೂ ಎತ್ತಿ ಚೆಲ್ಲಿ, ಒಳಗಿಳಿದು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಬೇಕು. ಆ ಕೆಲಸ ಒಮ್ಮೆ ಮಾಡಿದವರು ಇನ್ನೊಮ್ಮೆ ಕರೆದರೆ ಬರುವುದಿಲ್ಲ.

ಈ ಪಟ್ಟ ಆಕೆ ಕೇಳಿ ಪಡೆದದ್ದಲ್ಲ. ನಲ್ಲಿ ಬಂದ ಹೊಸದರಲ್ಲಿ ಒಂದು ಬೆಳಗ್ಗೆ "ಇದು ಕೊಳಚೆ ನಾತ ಕಣ್ರೇ, ಹಿಡೀಬೇಡಿ" ಎಂದಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆಯ ಮನೆಯೊಂದು ಬಿಟ್ಟು ಇಡೀ ವಠಾರ ವಾಂತಿ ಭೇದಿ ಹಿಡಿದು ಮಲಗಿತು. ಅಂದಿನಿಂದ ಆಕೆ ಮೂಸದೆ ಯಾರೂ ಕೊಡ ಇಡಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಾಯಿತು ಆಕೆಯ ಪಾಡು. ಕೆಂಗೇರಿ ಉಪನಗರದಲ್ಲಿರುವ ಮಗಳು ಜ್ಯೋತಿಲಕ್ಷ್ಮಿ ಬಾಣಂತಿಯಾದಾಗಲೂ ಅಲ್ಲಿ ಎರಡು ರಾತ್ರಿ ಒಟ್ಟಿಗೆ ನಿಂತವಳಲ್ಲ. "ನಾಳೆ ನೀರು ಬರೋ ದಿನ ಕಣಮ್ಮ" ಎಂದು ಬಸ್ಸು ಹತ್ತುತ್ತಿದ್ದಳು. ಮಂಡಿ ನೋವು ಬಂತು. ಗಂಡ ಅಂಜಿನಯ್ಯ ತೀರಿಕೊಂಡರು. ನಲ್ಲಿ ಮುಂದೆ ಕುಕ್ಕರುಗಾಲಲ್ಲಿ ಕೂರುವುದು ಮಾತ್ರ ತಪ್ಪಲಿಲ್ಲ. ಸೊಸೆ ಶಶಿಕಲಾ ಒಂದೆರಡು ಸಲ, "ನಾನ್ ಹೋಗ್ತೀನಿ ಬಿಡಿ ಅತ್ತೆ" ಎಂದಳು.

"ನಿಂಗೇನ್ ಗೊತ್ತಾಗತ್ತೆ, ಮಲ್ಕೋ."

ಕಳೆದ ದೀಪಾವಳಿಯಲ್ಲಿ ಆಕೆಗೆ ಜ್ವರ ಬಂತು. ಜ್ವರ ಹೋಯಿತು, ನೆಗಡಿಯೂ ಹೋಯಿತು. ಆಮೇಲೊಂದು ದಿನ ಆಕೆ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದ ಒಲೆಯ ಮೇಲೆ ಹಾಲು ಸೀದು ಕರಕಲಾಯಿತು. ಆಚೆಯಿಂದ ಶಶಿಕಲಾ ಓಡಿ ಬಂದು ಗ್ಯಾಸ್ ಆರಿಸಿದಾಗಲೇ ಆಕೆಗೆ ತಿಳಿದದ್ದು. "ಏನೋ ಯೋಚ್ನೆ ಮಾಡ್ತಿದ್ದೆ" ಅಂದಳು. ಸೊಸೆ ಅತ್ತ ಹೋದ ಮೇಲೆ ಒಂದು ಹಿಡಿ ಅವರೆಕಾಯಿ ತೆಗೆದು ಮೂಗಿಗೆ ಒತ್ತಿಕೊಂಡಳು. ಬೀದಿಯ ಆ ತುದಿಗೂ ಹಬ್ಬುವ ಸೊಗಡು, ಆಕೆಗೆ ಮಾತ್ರ ಏನೂ ಇಲ್ಲ.

ಯಾರಿಗೂ ಹೇಳಲಿಲ್ಲ. ಇವತ್ತಲ್ಲ ನಾಳೆ ವಾಸನೆ ಮರಳುತ್ತದೆ ಅಂದುಕೊಂಡಳು. ಅದು ಅರ್ಧ ನಿಜ. ಉಳಿದರ್ಧ ಹೆದರಿಕೆ. ಇಷ್ಟು ವರ್ಷ ಬೈದುಕೊಂಡೇ ಹೊತ್ತದ್ದನ್ನು ಇಳಿಸಿಬಿಟ್ಟರೆ ಈ ವಠಾರದಲ್ಲಿ ತನ್ನನ್ನು ಕೇಳುವವರು ಯಾರು? ಚೊಂಬನ್ನು ಬೆಳಕಿಗೆ ಹಿಡಿದು, ನೊರೆ ನೋಡಿ, ಬೆರಳಲ್ಲಿ ಉಜ್ಜಿ, ಸುಮ್ಮನೆ ಮೂಸಿದ ಹಾಗೆ ಮಾಡಿ "ಹಿಡ್ಕೊಳ್ರೇ" ಅನ್ನುತ್ತಾ ಬಂದಳು. ಚಳಿಗಾಲ ಹೇಗೋ ಕಳೆಯಿತು.

ಶಿವರಾತ್ರಿ ಆದ ಮೇಲೆ ಮೂಲೆಮನೆಯ ಬಿಂದುಶ್ರೀಯ ಮಗುವಿಗೆ ಭೇದಿ ಶುರುವಾಗಿ, ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ಬಿಂದುಶ್ರೀ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ. ಅವಳ ಅತ್ತೆ ವಿಮಲಮ್ಮ ಎಲ್ಲರೆದುರಿಗೇ ದಬಾಯಿಸಿದಳು: "ನೀರಂತೂ ಅಲ್ಲ, ಯಶೋದಮ್ಮ ಮೂಸಿದಾರೆ. ಆಚೆ ಏನ್ ತಿನ್ಸಿದ್ಯೋ ನೀನು!" ಬಿಂದುಶ್ರೀ ಅತ್ತಳು. ಯಶೋದಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವತ್ತು ಆಕೆ ಊಟಕ್ಕೆ ಕೂರಲಿಲ್ಲ.

ಮರುವಾರ ಪಕ್ಕದ ಬೀದಿಯವರು ಕಂಪ್ಲೇಂಟ್ ಕೊಟ್ಟು, ನೀರಿನವರು ಬಂದು ವಠಾರದ ಮುಂದೆಯೇ ರಸ್ತೆ ಅಗೆದರು. ಮೋರಿಯ ಪಕ್ಕ ಹಳೇ ಪೈಪು ತುಕ್ಕು ತಿಂದು ತೂತಾಗಿತ್ತು. ಅದನ್ನು ಸರಿಮಾಡಿ ನೀರು ಬಿಟ್ಟು, ಒಂದಿಷ್ಟು ಹೊತ್ತು ಹರಿಸಿದ ಮೇಲೆ ಮೇಸ್ತ್ರಿ ರೇವಣಸಿದ್ದಯ್ಯ ವಠಾರದ ನಲ್ಲಿಯಲ್ಲಿ ಒಂದು ಚೊಂಬು ಹಿಡಿದ.

"ಬೆಳಗ್ಗಿಂದ ಗುಂಡೀಲಿ ನಿಂತು ನಂಗೆ ಎಲ್ಲಾ ಒಂದೇ ವಾಸ್ನೆ. ನೀವೇ ನೋಡಿ ಹೇಳಿ. ಸರಿ ಇದ್ರೆ ಮುಚ್ಬಿಟ್ಟು ಹೋಗ್ತೀವಿ."

"ಅದಕ್ಕೇನ್ರೀ, ನಮ್ಮ ಯಶೋದಮ್ಮ ಇದಾರಲ್ಲ!" ಎಂದರು ದೇವೇಂದ್ರಪ್ಪ.

ಚೊಂಬು ಕೈಯಿಂದ ಕೈಗೆ ದಾಟಿ ಆಕೆಯ ಹತ್ತಿರ ಬಂತು. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಎದುರಿಗೆ ಬಿಂದುಶ್ರೀ, ಸೊರಗಿದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಕೆಲಸದವರು ಆಗಲೇ ಸಲಿಕೆ ಎತ್ತಿಕೊಂಡಿದ್ದರು. ಯಶೋದಮ್ಮ ಚೊಂಬನ್ನು ಮೂಗಿನವರೆಗೆ ಎತ್ತಿ, ಹಾಗೇ ಇಳಿಸಿದಳು.

"ನಂಗೆ ವಾಸ್ನೆ ಗೊತ್ತಾಗಲ್ಲ."

ನಕ್ಕರು ಕೆಲವರು. ಆಕೆ ಮತ್ತೆ ಹೇಳಿದಳು. "ನಿಜ ಕಣ್ರಪ್ಪ. ಮೂಗು ಹೋಗ್ಬಿಟ್ಟಿದೆ. ಶಶಿ, ನೀನ್ ನೋಡೇ."

ಶಶಿಕಲಾ ಚೊಂಬು ತೆಗೆದುಕೊಂಡು ಮೂಸಿದವಳೇ ಮುಖ ತಿರುಗಿಸಿದಳು. "ಇನ್ನೂ ಇದೆ ಸಾರ್. ನಾರ್ತಾ ಇದೆ." ರೇವಣಸಿದ್ದಯ್ಯ ಬೈದುಕೊಳ್ಳುತ್ತಾ ಮತ್ತೆ ಗುಂಡಿಗಿಳಿದ. ಸ್ವಲ್ಪ ಮುಂದೆ ಅಗೆದಾಗ ಇನ್ನೊಂದು ತೂತು ಸಿಕ್ಕಿತು, ಅದನ್ನೂ ಸರಿಮಾಡಿದರು.

"ಯಾವಾಗಿಂದ ಆಂಟಿ?" ಬಿಂದುಶ್ರೀ ಕೇಳಿದಳು.

"ದೀಪಾವಳಿಯಿಂದ ಕಣಮ್ಮ."

ಬಿಂದುಶ್ರೀ ಅತ್ತೆಯ ಮುಖ ಒಮ್ಮೆ ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಒಳಗೆ ಹೋದಳು. ನಾಲ್ಕು ಮಾತು ಬೈದಿದ್ದರೆ ಯಶೋದಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಪಿನ ನೀರನ್ನೆಲ್ಲ ಚೆಲ್ಲಿ ತಿಕ್ಕಿಸಿದ್ದಾಯಿತು. ಮುಂದೆ ನೀರು ಬಂದ ದಿನ ಆಕೆಗೆ ಅಭ್ಯಾಸಬಲದಿಂದ ಎಚ್ಚರವಾಯಿತು. ಶಶಿಕಲಾ ಆಗಲೇ ನಲ್ಲಿ ಹತ್ತಿರ ಹೋಗಿದ್ದಳು. ಯಶೋದಮ್ಮ ಬಾಗಿಲ ಮರೆಯಿಂದ ನೋಡಿದಳು. ಸೊಸೆ ಚೊಂಬು ಮೂಸಿ, "ಚೆನ್ನಾಗಿದೆ, ಹಿಡ್ಕೊಳಿ" ಎಂದಳು. ಯಾರೂ ಕೊಡ ಮುಂದೆ ತರಲಿಲ್ಲ. ಬಿಂದುಶ್ರೀ ಬಂದು, ಬೊಗಸೆಯಲ್ಲಿ ನೀರು ಹಿಡಿದು, ತಾನೇ ಮೂಸಿ, ಆಮೇಲೆ ಕೊಡ ಇಟ್ಟಳು. ಅವಳ ಹಿಂದೆ ವಿಮಲಮ್ಮ ಮೂಸಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ಮೂಸಿದರು. ಎಲ್ಲರಿಗೂ ಮೂಗು ಇತ್ತು.

"ಇಷ್ಟು ವರ್ಷ ಏನಾಗಿತ್ರೇ ನಿಮ್ಗೆ?" ಎಂದು ಯಶೋದಮ್ಮ ತನ್ನಷ್ಟಕ್ಕೇ ಅಂದುಕೊಂಡಳು. ಮಂಡಿ ಹಿಡಿದುಕೊಂಡು ಒಳಗೆ ಹೋಗಿ ಮತ್ತೆ ಮಲಗಿದಳು. ನಿದ್ದೆ ಬರಲಿಲ್ಲ. ಆಚೆ ಸಂಪಿನ ಮುಚ್ಚಳ ಸರಿಸಿದ ಸದ್ದು ಕೇಳಿಸಿತು.