ಮೀನಿನ ತೊಟ್ಟಿಗೆ ಕುರಿಗೊಬ್ಬರ

ಲಕ್ಕಿ ಬ್ಯಾಂಬೂ ಎಂಬ ಸಸ್ಯಕ್ಕೂ ಬಿದಿರಿಗೂ ಹೆಸರಿನ ನಂಟಲ್ಲದೆ ಬೇರೆ ಸಂಬಂಧವಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಬೋಧಿಸಿದವನ ಗತ್ತಿನಿಂದ ಇದನ್ನು ಹೇಳುತ್ತಿದ್ದೇನೆ. ಆ ಗತ್ತು ಎಷ್ಟು ಹೊತ್ತು ಉಳಿಯುತ್ತದೆಂಬುದನ್ನು ನೀವೇ ನೋಡುವಿರಂತೆ.

ನನ್ನ ಹೆಂಡತಿ ಗೌರಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ, ಕುರ್ಚಿಯೇ ಪ್ರಪಂಚವಾದಾಗ, ಚಿತ್ರದುರ್ಗದ ನಮ್ಮ ಮನೆಯ ನಡುಮನೆಗೆ ಒಂದು ಗಾಜಿನ ತೊಟ್ಟಿಯೂ ಎರಡು ಮೀನುಗಳೂ ಬಂದವು. ಒಂದು ಕೆಂಪು, ಒಂದು ಬಿಳಿ. ದಿನವಿಡೀ ಅವುಗಳೊಡನೆ ಅವಳ ಸಂಭಾಷಣೆ ನಡೆಯುತ್ತಿತ್ತು. ನಾನು ಮಾಡಿದ ಸಾರಿನ ವಿಮರ್ಶೆಯನ್ನು ಮೊದಲು ಕೇಳುತ್ತಿದ್ದವರು ಆ ಮೀನುಗಳೇ. ನೆಂಟರೊಬ್ಬರು ಲಕ್ಕಿ ಬ್ಯಾಂಬೂವಿನ ಮೂರು ಕಡ್ಡಿ ತಂದುಕೊಟ್ಟಾಗ, ನೀರಿನ ಗಿಡವಲ್ಲವೇ ಎಂದು ಎಲೆಸಮೇತ ಮುಳುಗಿಸಿದೆ. ಕೆಲವು ಎಲೆಗಳು ಕೊಳೆತವು, ಉಳಿದವು ಹಳದಿ ತಿರುಗಿದವು. ಆಮೇಲೆ ಬೇರಷ್ಟೇ ನೀರಲ್ಲಿರುವಂತೆ ತೊಟ್ಟಿಯ ಅಂಚಿಗೆ ದಾರ ಕಟ್ಟಿ ನಿಲ್ಲಿಸಿ, ಕಿಟಕಿಯ ಬಿಸಿಲಿಂದ ದೂರ ಸರಿಸಿದೆ. ಆ ಹಳದಿ ಮಾತ್ರ ಹೋಗಲಿಲ್ಲ.

ನಾನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಗಿಡ ಹಳದಿಯಾದರೆ ನಮ್ಮ ಕಡೆ ಮದ್ದು ಒಂದೇ. ಹರಿಯಬ್ಬೆಯ ಬಳಿ ಕುರಿ ಸಾಕಿರುವ ನನ್ನ ಭಾಮೈದ ತಿಮ್ಮಣ್ಣ ಹೂಕುಂಡಗಳಿಗೆಂದು ತಂದಿಟ್ಟ ಕುರಿಹಿಕ್ಕೆಯ ಚೀಲದಿಂದ, ಗೌರಮ್ಮ ಮಧ್ಯಾಹ್ನ ಮಲಗಿದ್ದಾಗ, ಒಂದು ಹಿಡಿ ತೆಗೆದು ತೊಟ್ಟಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ನೀರು ಡಿಕಾಕ್ಷನ್ ಆಗಿತ್ತು. ಎರಡೂ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿಗೆ ಹಾತೊರೆಯುತ್ತಿದ್ದವು. "ಏನ್ರಿ, ಇವಕ್ಕೆ ಏನಾಗೈತೆ?" ಎಂದು ಗೌರಮ್ಮ ಎರಡು ಸಲ ಕೇಳಿದಳು. ಸಾರು ಉಕ್ಕುತ್ತದೆಂದು ನಾನು ಅಡುಗೆಮನೆಗೆ ಸರಿದೆ. ಅಂದು ಅವಳನ್ನು ತಪಾಸಣೆಗೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. "ಇವು ಕೆಳಗಿಳಿಯೋ ತನಕ ನಾನು ಏಳಲ್ಲ" ಎಂದು ಕೂತುಬಿಟ್ಟಳು.

ಅಕ್ಕನನ್ನು ಕರೆದೊಯ್ಯಲು ಬಂದ ತಿಮ್ಮಣ್ಣ ತೊಟ್ಟಿಗೆ ಕೈಹಾಕಿ, ತಳದಿಂದ ಒಂದು ಹಿಕ್ಕೆ ತೆಗೆದು ಬೆರಳಲ್ಲಿ ಹಿಚುಕಿ ನೋಡಿ, ನನ್ನತ್ತ ತಿರುಗಿದ. "ಭಾವ, ಹಿಕ್ಕೆ ಬೀಳಲಿ ಅಂತ ಹೊಲದಾಗೆ ಕುರಿಮಂದೆ ನಿಲ್ಸಿದ ಮೇಲೆ ಯಾರಾದ್ರೂ ಗೊಬ್ಬರದ ಗಾಡಿ ಹೊಡಸ್ತಾರೇನ್ರಿ? ಈ ಮೀನೇ ನಿಮ್ಮ ಮಂದೆ."

ಗೌರಮ್ಮ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಅವಳು ಮಾತಾಡಿದ್ದೆಲ್ಲ ಮೀನುಗಳೊಡನೆಯೇ.

ಹಿಕ್ಕೆಗಳನ್ನೆಲ್ಲ ಹೆಕ್ಕಿದೆವು. ಅರ್ಧ ನೀರು ತೆಗೆದು, ನಲ್ಲಿ ಬಂದ ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟು ಕ್ಲೋರಿನ್ ವಾಸನೆ ಆರಿದ್ದ ನೀರನ್ನು ಚೊಂಬಿನಿಂದ ಮೆಲ್ಲಗೆ ಸುರಿದೆವು. ಹಳದಿ ತಿರುಗಿದ ಒಂದು ಕಡ್ಡಿಯನ್ನು ಕಿತ್ತೆಸೆದೆವು. ಇನ್ನು ಕಾಯುವುದಷ್ಟೇ ಬಾಕಿ.

ಕಾಯುತ್ತ ಕೂತಾಗ ನನಗೆ ಮೈ ಝುಮ್ಮೆಂದಿತು. ಮೀನಿನ ಮಲ ಕಣ್ಣಿಗೆ ಕಾಣದ ಜೀವಾಣುಗಳ ಕೈದಾಟಿ ಬೇರಿನ ಅನ್ನವಾಗುವುದು, ಬೇರು ಉಂಡು ಮೀನಿನ ನೀರನ್ನು ತಿಳಿಗೊಳಿಸುವುದು, ಇದನ್ನೇ ಅಲ್ಲವೇ ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಸಾರಜನಕ ಚಕ್ರವೆಂದು ಬಾಣಗಳನ್ನೆಳೆದು ಬರೆಯುತ್ತಿದ್ದುದು? ಪರೀಕ್ಷೆಗೆ ಐದು ಅಂಕದ ಪ್ರಶ್ನೆಯೆಂದು ಒತ್ತಿ ಹೇಳುತ್ತಿದ್ದೆ. ಯಾರೂ ಕೇಳದೆ, ಯಾರೂ ನೋಡದೆ, ಮೊಳದುದ್ದದ ಗಾಜಿನೊಳಗೆ ಅಷ್ಟು ದೊಡ್ಡ ವ್ಯವಹಾರ ನಡೆಯುತ್ತಿತ್ತು. ನಾನದಕ್ಕೆ ಸಹಾಯ ಮಾಡಲು ಹೊರಟಿದ್ದೆ. ನನ್ನ ವಿದ್ಯೆಯ ಬಗ್ಗೆ ನಾಚಿಕೆಯಾಯಿತು. ಆ ತೊಟ್ಟಿಯ ಬಗ್ಗೆ ಭಕ್ತಿಯಂಥದೇನೋ ಹುಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಮೀನು ಬಾಯಿ ಮುಚ್ಚಿ ಕೆಳಗಿಳಿಯಿತು. ಕೆಂಪು ಇನ್ನೂ ಮೇಲೇ ಇತ್ತು. ಮೂವರೂ ಅದನ್ನೇ ನೋಡುತ್ತಿದ್ದೆವು. ಕಡೆಗೆ ಅದೂ ಬಾಲ ಬೀಸಿ ಬೇರುಗಳ ನಡುವೆ ನುಸುಳಿತು.

ಎಬ್ಬಿಸಲು ತಿಮ್ಮಣ್ಣ ಕೈಚಾಚಿದ. ಗೌರಮ್ಮ ಅವನ ಕೈ ಹಿಡಿಯದೆ, ತನ್ನ ಕೈಯನ್ನು ನನ್ನತ್ತ ನೀಡಿದಳು.

"ಹಿಡ್ಕಳ್ರಿ. ಹೋಗಾಣ."