ಕ್ಯಾಮೆರಾಕ್ಕೆ ಸಿಗದ ದೆವ್ವ

ನಮ್ಮ ಕಾಲೇಜಿನಲ್ಲಿ ಸಿನಿಮಾ ಮಾಡಿದರೆ ಮಾತ್ರ ಸಾಲದು. ಮಾಡಿ ಏನು ಕಲಿತಿರಿ ಎಂದು ಎರಡು ಪುಟ ಬರೆದೂ ಕೊಡಬೇಕು. ಅದಕ್ಕೆ 'ಅವಲೋಕನ' ಎಂದು ಹೆಸರು. ಅದರಲ್ಲಿ ಕಲಾವಿದನ ಆತ್ಮ ಕಾಣಬೇಕು ಅನ್ನುವುದು ಮೇಷ್ಟ್ರ ಅಪ್ಪಣೆ. ನಮ್ಮ ತಂಡದ ನಾಲ್ಕು ಆತ್ಮಗಳಲ್ಲಿ ಮೂರು ಆಗಲೇ ಬರೆದು ಒಪ್ಪಿಸಿಯಾಗಿದೆ. ಡೈರೆಕ್ಟರ್ 'ನಾಯಕತ್ವದ ಒಂಟಿತನ'ದ ಬಗ್ಗೆ ಬರೆದಿದ್ದಾನೆ. ಕ್ಯಾಮೆರಾದವನು 'ಬೆಳಕೇ ನನ್ನ ಗುರು' ಎಂದಿದ್ದಾನೆ. ಗುರುಗಳು ಬಹುತೇಕ ರಜೆಯಲ್ಲಿದ್ದರು ಎನ್ನುವುದು ಸಿನಿಮಾ ನೋಡಿದರೆ ಗೊತ್ತಾಗುತ್ತದೆ. ಹೀರೊ ಮಾತ್ರ 'ಪಾತ್ರದೊಳಗೆ ಎಷ್ಟು ಆಳಕ್ಕೆ ಇಳಿದೆನೆಂದರೆ ಇನ್ನೂ ಹೊರಗೆ ಬಂದಿಲ್ಲ' ಎಂದು ಬರೆದಿದ್ದಾನೆ. ಅವನದು ಹಾಸಿಗೆಯಲ್ಲಿ ಮಲಗಿರುವ ಪಾತ್ರ. ಬೆಳಗಿನ ಕ್ಲಾಸಿಗೆ ಅವನು ಯಾಕೆ ಬರುತ್ತಿಲ್ಲ ಎಂಬುದು ಈಗ ತಿಳಿಯಿತು.

ಉಳಿದವಳು ನಾನು, ಎಡಿಟರ್. ಲ್ಯಾಪ್‌ಟಾಪ್ ಇದ್ದವಳು ಎಂಬ ಒಂದೇ ಅರ್ಹತೆಯ ಮೇಲೆ ಸಿಕ್ಕ ಹುದ್ದೆ. ನನ್ನ ಆತ್ಮದಲ್ಲಿ ಬರೆಯುವಂಥದ್ದು ಏನೂ ಕಾಣಲಿಲ್ಲ. ಹಾಗಾಗಿ ನಮ್ಮ ದೆವ್ವದ ಬಗ್ಗೆ ಬರೆಯುತ್ತೇನೆ. ನಮ್ಮ ಸಿನಿಮಾದ ದೆವ್ವ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ.

ಮೇಷ್ಟ್ರು ಚೀಟಿ ಎತ್ತಿಸಿದ್ದರು. ಒಂದು ತಂಡಕ್ಕೆ ಪ್ರೇಮಕಥೆ, ಒಂದಕ್ಕೆ ಪತ್ತೇದಾರಿ, ನಮಗೆ ಹಾರರ್. ಐದು ನಿಮಿಷದ ದೆವ್ವದ ಸಿನಿಮಾ. ಡೈರೆಕ್ಟರ್ ಕಣ್ಣು ಮುಚ್ಚಿ, "ನನಗೆ ಒಂದು ಹಳೇ ಮನೆ ಕಾಣ್ತಿದೆ" ಎಂದ. ಅವನಿಗೆ ಕಂಡರೆ ಸಾಕೆ? ಬಾಡಿಗೆಗೆ ಕೊಡುವವರು ಬೇಡವೇ? ಕೊನೆಗೆ ನಾನು ಅತ್ತೆಯ ಮನೆಯನ್ನು ಕೇಳಿದೆ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ, ಕತ್ತಲೆಯ ಮೆಟ್ಟಿಲು. ಅತ್ತೆ ಒಂದೇ ಷರತ್ತು ಹಾಕಿದಳು.

"ಮನೆ ತಗೊಳ್ಳಿ. ಆದ್ರೆ ದೆವ್ವ ನಾನೇ ಆಗ್ತೀನಿ."

"ಅತ್ತೆ, ನಿಂಗ್ಯಾಕೆ ಈ ವಯಸ್ಸಲ್ಲಿ ದೆವ್ವದ ಉಸಾಬರಿ?"

"ದೆವ್ವಕ್ಕೇನು ವಯಸ್ಸೇ? ನಾನೂ ಒಂದ್ಸಲ ಪರದೆ ಮೇಲೆ ಕಾಣ್ಬೇಕು ಕಣೇ. ಜನ ನನ್ನ ಮುಖ ನೋಡ್ಲಿ."

ಇದನ್ನು ಅವಳು ನಗುತ್ತಲೇ ಹೇಳಿದಳು. ಆದರೆ ಅತ್ತೆ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅವಳ ಕಥೆ ಹೇಳಬೇಕೆಂದರೆ ಬಹಳವೇನಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಸ್ಟೇಷನ್ ಎದುರಿನ ದೊಡ್ಡ ಲಾಡ್ಜಿನಲ್ಲಿ ರೂಮು ಶುಚಿ ಮಾಡುವ ಕೆಲಸಕ್ಕೆ ಸೇರಿದಳು. ಮದುವೆಯಾದಳು. ಮಾವ ಬೇಗ ತೀರಿಕೊಂಡರು. ಕೆಲಸ ಮಾತ್ರ ತೀರಲಿಲ್ಲ. ಅಲ್ಲಿನ ಮೊದಲ ನಿಯಮ ಏನು ಗೊತ್ತೆ? ಗಿರಾಕಿಯ ಕಣ್ಣಿಗೆ ಬೀಳಬಾರದು. ಅವರು ಹೊರಗೆ ಹೋದಾಗ ಒಳಗೆ ಹೋಗಬೇಕು, ಅವರ ಹೆಜ್ಜೆ ಸಪ್ಪಳ ಕೇಳಿದರೆ ಮಾಯವಾಗಬೇಕು. ವರಾಂಡದಲ್ಲಿ ಎದುರಾದರೆ ಗೋಡೆಗೆ ಒತ್ತಿ ನಿಲ್ಲಬೇಕು, ಇಲ್ಲವೇ ಬಟ್ಟೆಕೋಣೆಗೆ ಜಾರಬೇಕು. ಹಾಸಿಗೆ ತಾನಾಗಿಯೇ ಸರಿಯಾಯಿತು, ಟವೆಲ್ ತಾನಾಗಿಯೇ ಬಂದು ಕೂತಿತು ಎಂದು ದುಡ್ಡು ಕೊಟ್ಟವನಿಗೆ ಅನ್ನಿಸಬೇಕು. ಅತ್ತೆ ಇದರಲ್ಲಿ ಎಷ್ಟು ಪಳಗಿದಳೆಂದರೆ ಮನೆಯಲ್ಲೂ ಮಾಯವಾಗತೊಡಗಿದಳು. ನಮ್ಮ ಮನೆಗೆ ಯಾರಾದರೂ ಬಂದರೆ ಸಾಕು, ಅವಳು ಅಡುಗೆಮನೆ ಸೇರುತ್ತಿದ್ದಳು. ಅಪ್ಪನ ಮದುವೆಯ ಆಲ್ಬಮ್ಮಿನಲ್ಲಿ ಅವಳ ಮೊಣಕೈ ಇದೆ. ಅದು ಅವಳದೇ ಎಂದು ಅಪ್ಪ ಆಣೆ ಮಾಡುತ್ತಾರೆ, ಅಮ್ಮ ಒಪ್ಪುವುದಿಲ್ಲ.

ನಿವೃತ್ತಿಯ ದಿನ ಲಾಡ್ಜಿನ ಮಾಲೀಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಂದು ಭಾಷಣ ಬಿಗಿದು, "ನಮ್ಮ ಸಂಸ್ಥೆಯ ಬೆನ್ನೆಲುಬು" ಎಂದು ಹೊಗಳಿ, ಹೂಗುಚ್ಛವನ್ನು ತಂದು ಪಕ್ಕದವಳ ಕೈಗೆ ಕೊಟ್ಟರು. ಅವಳು ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಅತ್ತೆ ಚಪ್ಪಾಳೆ ತಟ್ಟಿದಳಂತೆ. "ಪಾಪ, ಅವ್ರಾದ್ರೂ ಏನ್ಮಾಡ್ತಾರೆ? ನನ್ನ ಮುಖ ನೋಡಿದ್ರೆ ತಾನೇ ಗುರುತು ಸಿಗೋದು!" ಎಂದು ಅವಳು ಇದನ್ನು ಹೇಳಿ ಹೇಳಿ ನಗುತ್ತಾಳೆ. ನನಗೆ ಮಾತ್ರ ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಹೀಗಿರುವಾಗ ಕೆಳಗಿನ ಟೈಲರಿಗೆ ಅತ್ತೆ, "ನಾನು ಸಿನಿಮಾದಲ್ಲಿ ಮಾಡ್ತಿದೀನಿ" ಎಂದಳು. ಟೈಲರಿಗೆ ಹೇಳುವುದೂ ಒಂದೇ, ಬೀದಿಯಲ್ಲಿ ಡಂಗುರ ಸಾರುವುದೂ ಒಂದೇ.

ಶೂಟಿಂಗ್ ದಿನ ಡೈರೆಕ್ಟರ್ ಮನೆ ನೋಡಿ ಕುಸಿದು ಕೂತ. ಅಷ್ಟು ಚೊಕ್ಕ. ನೆಲದ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದು. ಇಂಥ ಮನೆಗೆ ಬರುವ ದೆವ್ವ ಹೊರಗೆ ಚಪ್ಪಲಿ ಬಿಟ್ಟು ಬರಬೇಕು. ನಾವು ನಾಲ್ವರೂ ಬೆಳಗಿನಿಂದ ಹತ್ತಿ ಎಳೆದು ಜೇಡರ ಬಲೆ ಮಾಡಿದೆವು, ಬೂದಿ ಎರಚಿದೆವು, ಪರದೆ ಹರಿದೆವು, ಗೋಡೆಯ ಮೇಲೆ ಬೀಟ್‌ರೂಟ್ ರಸದಲ್ಲಿ ರಕ್ತಸಿಕ್ತ ಹಸ್ತ ಮೂಡಿಸಿದೆವು. ಒಂದು ಶಾಟ್ ಆಯಿತು. ಭಯಂಕರವಾಗಿ ಬಂತು. ಸಂತೋಷದಲ್ಲಿ ಟೀ ಕುಡಿಯಲು ಕೆಳಗಿಳಿದೆವು.

ಮೇಲೆ ಬಂದಾಗ ಬಲೆ ಇಲ್ಲ, ಬೂದಿ ಇಲ್ಲ. ಗೋಡೆ ಫಳಫಳ. ಅತ್ತೆ ಕಿಟಕಿಯ ಪಕ್ಕ ಕೂತು ಪರದೆಗೆ ಹೊಲಿಗೆ ಹಾಕುತ್ತಿದ್ದಳು.

"ಅಯ್ಯೋ, ರಕ್ತ ಎಲ್ಲಿ?" ಡೈರೆಕ್ಟರ್ ಕಿರುಚಿದ.

"ಬೀಟ್‌ರೂಟ್ ಕಲೆ ಒಣಗಿದ್ರೆ ಹೋಗಲ್ಲ ಮಗಾ. ಪುಣ್ಯಕ್ಕೆ ಹಸಿ ಇತ್ತು, ಒರೆಸ್ಬಿಟ್ಟೆ."

"ಅದು ಇರ್ಬೇಕಿತ್ತು ಆಂಟಿ!"

"ಕ್ಯಾಮೆರಾದಲ್ಲಿ ನಾಲ್ಕು ಜನ ನೋಡೋದಲ್ವಾ? ನನ್ನ ಮನೆ ಹಂಗಿದೆ ಅಂದ್ಕೊಳ್ಳಲ್ವಾ?"

ದೆವ್ವದ ಬಿಳಿ ನಿಲುವಂಗಿಯದೂ ಅದೇ ಗತಿ. ಡೈರೆಕ್ಟರ್ ಅದನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಮಣ್ಣಿನಲ್ಲಿ ಹೊರಳಿಸಿ, ಹಿಂದಿನ ದಿನವೇ ನನ್ನ ಕೈಲಿ ಅತ್ತೆಗೆ ಕಳಿಸಿದ್ದ. ಅವಳು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಗೆರೆ ಮುರಿಯದಂತೆ ತೊಟ್ಟು ನಿಂತಿದ್ದಳು. ನಮ್ಮ ತರಗತಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಬರುವ ಜೀವಂತ ಮನುಷ್ಯ ಒಬ್ಬನೂ ಇಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಅಸಲಿ ಪಜೀತಿ ಶುರುವಾದದ್ದು ದೆವ್ವ ಕಾಣಿಸಿಕೊಳ್ಳುವ ದೃಶ್ಯದಲ್ಲಿ. ಹೀರೊ ಬಾಗಿಲು ತೆಗೆಯಬೇಕು, ಕೋಣೆಯ ಮಧ್ಯೆ ದೆವ್ವ ನಿಂತಿರಬೇಕು. ಇಷ್ಟೇ. ಹೀರೊ ಹಿಡಿಕೆಗೆ ಕೈ ಹಾಕಿದ. ಬಾಗಿಲು ತೆರೆಯಿತು. ಕೋಣೆ ಖಾಲಿ. ಅಡುಗೆಮನೆಯ ಪರದೆ ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು.

"ಆಂಟಿ, ಅಲ್ಲೇ ನಿಂತಿರಿ ಅಂದ್ನಲ್ಲಾ!"

"ಹೂಂ ಮಗಾ, ನಿಂತಿದ್ದೆ. ಸದ್ದಾಯ್ತು ನೋಡು, ಕಾಲು ತಾನಾಗೇ ಹೊರಡ್ತು."

ಮತ್ತೆ ತೆಗೆದೆವು. ಈ ಸಲ ನಿಲುವಂಗಿಯ ಅಂಚು ಸಿಕ್ಕಿತು. ಮತ್ತೊಮ್ಮೆ ತೆಗೆದಾಗ ಹಿಮ್ಮಡಿ. ಹಾಸಿಗೆಯ ದೃಶ್ಯದಲ್ಲಿ ಅವಳು ಹೀರೊನ ಕಾಲಬುಡದಲ್ಲಿ ಕೂತು ದುರುಗುಟ್ಟಿ ನೋಡಬೇಕಿತ್ತು. ಅವನು ಕಣ್ಣು ಬಿಡುವ ಹೊತ್ತಿಗೆ ಅವಳಿಲ್ಲ, ಕಾಲ ಮೇಲೆ ಹೊದಿಕೆ ನಾಲ್ಕು ಮೂಲೆ ಸರಿಯಾಗಿ ಮಡಚಿಕೊಂಡಿತ್ತು, ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಡೈರೆಕ್ಟರ್ ಹಣೆ ಚಚ್ಚಿಕೊಂಡ. ಅತ್ತೆಗೆ ನಾಚಿಕೆ, ಸಂಕಟ ಎರಡೂ. "ಬಂದೋರ ಎದುರಿಗೆ ಮರದ ಹಾಗೆ ನಿಂತ್ಕೊಳ್ಳೋದು ಮರ್ಯಾದೆನೇನೋ? ಇನ್ನೊಂದ್ಸಲ ಮಾಡ್ತೀನಿ, ಬೈಬೇಡ" ಎಂದಳು. ಸಂಜೆಯವರೆಗೂ ಮಾಡಿದಳು. ಹುಟ್ಟುಗುಣವನ್ನಾದರೂ ಬಿಡಿಸಬಹುದೇನೋ, ಸಂಬಳಕ್ಕೆ ಕಲಿತ ಗುಣ ಬಿಡಿಸಲು ನಮ್ಮಿಂದಾಗಲಿಲ್ಲ.

ಎಡಿಟಿಂಗಿಗೆ ಕೂತಾಗ ನನ್ನ ಹತ್ತಿರ ಇದ್ದದ್ದು ಅಂಚು, ಹಿಮ್ಮಡಿ, ನೆರಳು, ಅಲ್ಲಾಡುವ ಪರದೆ, ಮುಚ್ಚಿಕೊಳ್ಳುವ ಬಾಗಿಲು, ಮತ್ತು ಒಂದು ಶಾಟಿನಲ್ಲಿ ಇದ್ದು ಮುಂದಿನದರಲ್ಲಿ ಇಲ್ಲದ ರಕ್ತ. ಬೇರೆ ದಾರಿಯಿಲ್ಲದೆ ಇದ್ದದ್ದನ್ನೇ ಜೋಡಿಸಿದೆ. ಮೇಷ್ಟ್ರಿಗೆ ಕಚ್ಚಾ ಪ್ರತಿ ತೋರಿಸುವ ದಿನ ಬೈಗುಳ ತಿನ್ನಲು ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿದ್ದೆ.

ಮೇಷ್ಟ್ರು ನೋಡಿ ಮುಗಿಸಿ ಕನ್ನಡಕ ತೆಗೆದರು. "ಅದ್ಭುತ! ದೆವ್ವವನ್ನ ತೋರಿಸದೇ ಹೆದರಿಸಿದ್ದೀರಿ. ರಕ್ತ ಕೂಡ ಇತ್ತೋ ಇಲ್ವೋ ಅನ್ನೋ ಅನುಮಾನ! ಎಂಥ ಸಂಯಮ! ಮುಖ ಒಂದ್ಸಲವೂ ಕಾಣಲ್ಲ ನೋಡಿ, ಅದೇ ಇದರ ಜೀವ. ಹೀಗೇ ಇರ್ಲಿ, ಒಂದು ಫ್ರೇಮೂ ಸೇರಿಸ್ಬೇಡಿ. ಈ ವರ್ಷದ ಮೊದಲ ಸ್ಥಾನ ನಿಮ್ಮದೇ."

"ಮೊದ್ಲಿಂದ್ಲೂ ನನ್ನ ಕಲ್ಪನೆ ಅದೇ ಸಾರ್" ಎಂದ ಡೈರೆಕ್ಟರ್. ಆ ಮುಖಕ್ಕೆ ಎಷ್ಟು ದಪ್ಪದ ಚರ್ಮವಿರಬೇಕು ನೀವೇ ಹೇಳಿ.

ಆವತ್ತು ಸಂಜೆ ಅತ್ತೆಯ ಮನೆಗೆ ಹೋದೆ. ಅವಳು ಪೆಟ್ಟಿಗೆಯ ತಳದಿಂದ ಒಳ್ಳೆಯ ಬಟ್ಟೆ ತೆಗೆದು ಪ್ರದರ್ಶನದ ದಿನಕ್ಕೆಂದು ಗಾಳಿಗೆ ಹರವಿದ್ದಳು. ಟೈಲರೂ ಅಂಗಡಿ ಮುಚ್ಚಿ ಬರುತ್ತಾನಂತೆ.

"ಮುಖ ಚೆನ್ನಾಗಿ ಬಂದಿದ್ಯಾ ಪುಟ್ಟಿ?"

"ಪರದೆ ಮೇಲೆ ನೋಡ್ತೀಯಲ್ಲ" ಎಂದು ಜಾರಿಕೊಂಡೆ.

ಮನೆಗೆ ಬಂದು, ಬಿಸಾಡಿದ್ದ ತುಣುಕುಗಳನ್ನೆಲ್ಲ ಮತ್ತೆ ಜಾಲಾಡಿದೆ. ನಮ್ಮ ಕ್ಯಾಮೆರಾದವನ ಒಂದು ವಿಶೇಷ ಪ್ರತಿಭೆ ಆಗ ಬೆಳಕಿಗೆ ಬಂತು. ಅವನು ಕೆಲವು ಸಲ ರೆಕಾರ್ಡ್ ಗುಂಡಿಯನ್ನು ತಿರುಗಾಮುರುಗಾ ಒತ್ತಿದ್ದ. 'ಆ್ಯಕ್ಷನ್' ಅಂದಾಗ ಕ್ಯಾಮೆರಾ ನಿಂತಿದೆ, 'ಕಟ್' ಅಂದಾಗ ಓಡಿದೆ. ಹಾಗಾಗಿ ನೆಲ, ಟೀ ಲೋಟ, ಡೈರೆಕ್ಟರ್ ಮೂಗಿನೊಳಗೆ ಬೆರಳು ಹಾಕುವುದು ಎಲ್ಲ ಸ್ಪಷ್ಟವಾಗಿ ದಾಖಲಾಗಿತ್ತು. ಅವುಗಳ ನಡುವೆ ಅತ್ತೆ. ಸ್ಟೂಲಿನ ಮೇಲೆ ಕೂತಿದ್ದಾಳೆ. ಕೆಂಪು ಸಂಜೆಬಿಸಿಲು ಕೆನ್ನೆಯ ಮೇಲಿದೆ. ಯಾರೂ ತನ್ನ ಕಡೆ ಗಮನ ಕೊಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಲೆನ್ಸಿಗೆ ಮುಖ ತಂದು ಬಗ್ಗಿ ನೋಡುತ್ತಾಳೆ. ಮೆಲ್ಲಗೆ ಕೇಳುತ್ತಾಳೆ: "ನಾನು ಇದರಲ್ಲಿ ಕಾಣ್ತಿದೀನಾ?"

ಡೈರೆಕ್ಟರ್‌ಗೆ ಫೋನ್ ಮಾಡಿ, ಇದನ್ನು ಕೊನೆಗೆ ಸೇರಿಸುತ್ತೇನೆ ಎಂದೆ. ಅವನು ಹೌಹಾರಿದ.

"ತಲೆ ಕೆಟ್ಟಿದ್ಯಾ ನಿಂಗೆ? ಮೇಷ್ಟ್ರು ಏನಂದ್ರು? ಒಂದು ಫ್ರೇಮೂ ಬೇಡ ಅಂದಿದಾರೆ!"

"ಅವಳು ಮನೆ ಕೊಟ್ಟಿದ್ದು ಇದೊಂದಕ್ಕೇ ಕಣೋ."

"ನಿಮ್ಮತ್ತೆ ಒಬ್ರಿಗೋಸ್ಕರ ನಾಲ್ಕು ಜನರ ಮಾರ್ಕ್ಸಿಗೆ ಕಲ್ಲು ಹಾಕ್ತೀಯಾ? ಅವ್ರಿಗೆ ಆಮೇಲೆ ಒಂದು ಫೋಟೊ ಪ್ರಿಂಟ್ ಹಾಕ್ಸಿ ಕೊಡೋಣ ಬಿಡು. ಫ್ರೇಮ್ ಬೇಕಾದ್ರೆ ಫ್ರೇಮೂ ಹಾಕ್ಸೋಣ."

ಗೋಡೆಗೆ ಫ್ರೇಮ್! ಸತ್ತವರಿಗೆ ಹಾಕಿಸುವ ಹಾಗೆ! ಫೋನ್ ಇಟ್ಟೆ. ನಾಯಕತ್ವದ ಒಂಟಿತನ ಅವನಿಗೆ ಶುರುವಾದದ್ದು ಆ ಕ್ಷಣದಿಂದಲೇ ಇರಬೇಕು. ಲ್ಯಾಪ್‌ಟಾಪ್ ಯಾರದೋ ಸಿನಿಮಾ ಅವರದು. ಅತ್ತೆಯನ್ನು ಕೊನೆಗೆ ಸೇರಿಸಿಬಿಟ್ಟೆ.

ಪ್ರದರ್ಶನದ ದಿನ ಸೆಮಿನಾರ್ ಹಾಲ್ ತುಂಬಿತ್ತು. ಅತ್ತೆ ಎಂದಿನಂತೆ ಕೊನೆಯ ಸಾಲಿನ ಗೋಡೆಬದಿಯ ಕುರ್ಚಿ ಹಿಡಿದಿದ್ದಳು. ಕೈಹಿಡಿದು ಎಳೆದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಟೈಲರ್ ಪಕ್ಕದಲ್ಲಿ ಕೂತ. ದೀಪ ಆರಿತು. ಅಂಚು ಹೋಯಿತು, ಹಿಮ್ಮಡಿ ಹೋಯಿತು, ಬಾಗಿಲು ಮುಚ್ಚಿಕೊಂಡಿತು. ಹಾಲ್ ಗಪ್‌ಚುಪ್. ನಿಜವಾಗಿಯೂ ಹೆದರಿದ್ದರು. ಅತ್ತೆ ಪ್ರತಿ ಶಾಟಿಗೂ ಕತ್ತು ಉದ್ದ ಮಾಡುತ್ತಿದ್ದಳು. ಮುಗಿಯುತ್ತಾ ಬಂದ ಹಾಗೆ ಅವಳ ಕತ್ತು ಕುಗ್ಗಿತು. ಅವಳು ಟೈಲರ್ ಕಡೆ ತಿರುಗಿ, "ನಾನು ಮಾಡಿದ್ದೇ ಹಂಗೆ, ಅವ್ರದ್ದೇನೂ ತಪ್ಪಿಲ್ಲ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಪರದೆ ಕಪ್ಪಾಯಿತು. ಎಲ್ಲರೂ ಮುಗಿಯಿತೆಂದು ಉಸಿರು ಬಿಟ್ಟರು. ಆಗ ಅವಳ ಮುಖ ಗೋಡೆಯಷ್ಟು ದೊಡ್ಡದಾಗಿ ಎದ್ದು ಬಂದು ಕೇಳಿತು: "ನಾನು ಇದರಲ್ಲಿ ಕಾಣ್ತಿದೀನಾ?"

ಹಿಂದಿನಿಂದ ಯಾರೋ ಚೀರಿದರು. ಪ್ರೇಮಕಥೆ ತಂಡದ ಹುಡುಗಿ ಚೀಲ ಬೀಳಿಸಿಕೊಂಡಳು.

ಮೇಷ್ಟ್ರು ವೇದಿಕೆಗೆ ಬಂದು ಕೆಮ್ಮಿದರು. "ಕೊನೇ ಶಾಟ್ ಶಿಸ್ತು ಮುರಿದಿದೆ. ಸಂಯಮ ತಪ್ಪಿದೆ. ಹೇಳಿದ ಮಾತು ಕೇಳಿಲ್ಲ. ಮೊದಲ ಸ್ಥಾನ ಕೊಡೋಕಾಗಲ್ಲ." ಡೈರೆಕ್ಟರ್ ಎದ್ದು ನಿಂತು, "ಆ ಶಾಟ್ ನನ್ನದಲ್ಲ ಸಾರ್, ಎಡಿಟರದ್ದು" ಎಂದ. ಇಡೀ ಸಿನಿಮಾದಲ್ಲಿ ತನ್ನದಲ್ಲದ ಒಂದನ್ನು ತನ್ನದಲ್ಲ ಎಂದು ಅವನು ಒಪ್ಪಿಕೊಂಡದ್ದು ಅದೊಂದನ್ನೇ. ನಾನು ಹೌದೆಂದೆ. ಪತ್ತೇದಾರಿ ತಂಡಕ್ಕೆ ಮೊದಲ ಸ್ಥಾನ ಹೋಯಿತು. ಅವರ ಸಿನಿಮಾದಲ್ಲಿ ಕೊಲೆ ಮಾಡಿದ್ದು ಯಾರೆಂದು ಅವರಿಗೇ ಇನ್ನೂ ಗೊತ್ತಾಗಿಲ್ಲ.

"ನಟಿಸಿದ ಅಮ್ಮ ಏನಾದ್ರೂ ಹೇಳ್ತೀರಾ?" ಮೇಷ್ಟ್ರು ಮರ್ಯಾದೆಗೆ ಕೇಳಿದರು. ಹಾಲ್ ಪೂರ್ತಿ ಅವಳ ಕಡೆ ತಿರುಗಿತು. ನಾನು ಬಾಗಿಲ ಕಡೆ ನೋಡಿದೆ, ಈಗ ಹೊರಟುಬಿಡುತ್ತಾಳೆ ಎಂದುಕೊಂಡು. ಅತ್ತೆ ಎದ್ದಳು. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಇನ್ನೊಂದ್ಸಲ ಹಾಕ್ತೀರಾ?"

ಯಾರೋ ನಕ್ಕರು. ಮೇಷ್ಟ್ರು ಗಡಿಯಾರ ನೋಡಿಕೊಂಡು, ಏನನ್ನಿಸಿತೋ, ಹಾಕಿ ಎಂದರು. ಮತ್ತೆ ದೀಪ ಆರಿತು.

ಎರಡನೆಯ ಸಲ ಅತ್ತೆ ಪರದೆ ನೋಡಲಿಲ್ಲ. ಕೊನೆಯ ಶಾಟ್ ಹತ್ತಿರ ಬರುತ್ತಿದ್ದಂತೆ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿಕೊಂಡು, ತನ್ನನ್ನು ನೋಡುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಕೂತಳು.